ಎತ್ತಿನಿಂದ ಜೀಪಿನವರೆಗೆ: ಹಳೇ ಗಾಡಿ ಕೈ ಬದಲಾಗುವ ಕಥೆ

ಇವತ್ತಿನ ಎಪಿಸೋಡ್ ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಹೆದರಬೇಡಿ, ಸಣ್ಣ ಲೆಕ್ಕ.

ಒಂದು ಲಕ್ಷ ರೂಪಾಯಿ ಕೊಟ್ಟು ವ್ಯಾಪಾರದ ಬಳಕೆಗೆ ಅಂತ ಒಂದು ಜೀಪ್ ತಗೊಂಡ್ರಿ ಅಂದ್ಕೊಳ್ಳಿ. ಈಗಿನ ಆದಾಯ ತೆರಿಗೆ ಲೆಕ್ಕದಲ್ಲಿ ಅದಕ್ಕೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ. ಬಿ.ಕಾಂ ಓದಿದವರಿಗೆ ಇದು ನಿದ್ದೆಯಲ್ಲೂ ಬರುತ್ತೆ, ಡಿಪ್ರಿಸಿಯೇಷನ್. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ 15 ಪರ್ಸೆಂಟ್ ಕಳೀತಾ ಹೋದ್ರೆ, 10 ವರ್ಷಕ್ಕೆ ಆ ಜೀಪಿನ ಬೆಲೆ ಪುಸ್ತಕದಲ್ಲಿ ಸುಮಾರು 19,700 ರೂಪಾಯಿ. 20 ವರ್ಷಕ್ಕೆ ಸುಮಾರು 3,900. 30 ವರ್ಷಕ್ಕೆ ಬರೀ 763 ರೂಪಾಯಿ. ಅಂದ್ರೆ ಒಂದು ಟೈರೂ ಬರಲ್ಲ.

ಆದ್ರೆ ಪುಸ್ತಕ ಮುಚ್ಚಿಟ್ಟು ರಸ್ತೆಗೆ ಬನ್ನಿ. ಓಡೋ ಸ್ಥಿತಿಯಲ್ಲಿರುವ, ಕಾಗದ ಪತ್ರ ಸರಿಯಾಗಿರುವ, 1980ರ ದಶಕದ ಒಂದು ಮಹೀಂದ್ರ ಜೀಪು ಇದೆ ಅಂತ ಬಾಯಿ ಬಿಟ್ಟು ನೋಡಿ. ಮೈಸೂರಿಂದ, ಬೆಂಗಳೂರಿಂದ, ಕೊಡಗಿಂದ ಫೋನ್ ಬರೋಕೆ ಶುರು ಆಗುತ್ತೆ. ಹೊಸದರಲ್ಲಿ ಕೊಟ್ಟ ದುಡ್ಡಿಗಿಂತ ಜಾಸ್ತಿಗೆ ಅದು ಮಾರಾಟ ಆದರೂ ಆಶ್ಚರ್ಯ ಇಲ್ಲ. ಪುಸ್ತಕದಲ್ಲಿ ಸತ್ತ ಗಾಡಿ ಸಂತೆಯಲ್ಲಿ ಹೇಗೆ ಬದುಕಿರುತ್ತೆ? ಅದನ್ನ ಮಾರುವಾಗ ನಾವು ನಿಜಕ್ಕೂ ಏನು ಮಾರ್ತೀವಿ? ಮಾರಿದ ಮೇಲೂ ಅದು ನಮ್ಮನ್ನ ಯಾಕೆ ಬಿಡಲ್ಲ? ಇವತ್ತು ಇದೇ ವಿಷಯ.

ಕಥೆಗೆ ಒಂದು ಊರು ಬೇಕಲ್ಲ, ಮೂಗೂರನ್ನ ಇಟ್ಕೊಳ್ಳೋಣ. ಮೈಸೂರು ಜಿಲ್ಲೆ, ಟಿ. ನರಸೀಪುರ ತಾಲ್ಲೂಕು. ತ್ರಿಪುರಸುಂದರಿ ಅಮ್ಮನವರ ದೇವಸ್ಥಾನದ ಮೂಗೂರು ಅಂದ್ರೆ ಈ ಕಡೆಯವರಿಗೆ ಥಟ್ಟಂತ ಗೊತ್ತಾಗುತ್ತೆ. ಒಂದು ಕಡೆ ಕಾವೇರಿ, ಕಪಿಲೆ ಸೇರುವ ನರಸೀಪುರ, ಇನ್ನೊಂದು ಕಡೆ ನಂಜನಗೂಡು. ಗದ್ದೆ ಬಯಲು, ನಾಲೆ ಏರಿ, ಮಳೆ ಬಂದ್ರೆ ಕಾಲು ಹೂತುಹೋಗುವ ಗಾಡಿ ಜಾಡು. ಇಂಥ ನೆಲದಲ್ಲಿ "ಆಫ್ ರೋಡ್" ಅನ್ನೋದು ಹವ್ಯಾಸ ಅಲ್ಲ. ತೋಟಕ್ಕೆ ಹೋಗೋ ದಾರೀನೇ ಆಫ್ ರೋಡ್.

ಜೀಪಿಗಿಂತ ಮುಂಚಿನ ಜೀಪು

ಜೀಪು ಬರೋಕೆ ಇನ್ನೂರು ವರ್ಷ ಮುಂಚೆಯೇ ಮೈಸೂರು ಸೀಮೆಗೆ ಒಂದು ಆಫ್ ರೋಡ್ ವಾಹನ ಇತ್ತು. ನಾಲ್ಕು ಚಕ್ರ ಅಲ್ಲ, ನಾಲ್ಕು ಕಾಲು. ಅಮೃತ ಮಹಲ್ ಎತ್ತು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 1672ರಿಂದ 1704ರ ನಡುವೆ, ಅರಮನೆಯ ದನಗಳಿಗೆ ಒಂದು ಇಲಾಖೆ ಇತ್ತು. ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಕೊಡೋದು ಒಂದು ಕೆಲಸ, ಸೇನೆಯ ಸಾಮಾನು ಎಳೆಯೋಕೆ ಹೋರಿ ಬೆಳೆಸೋದು ಇನ್ನೊಂದು. ಹೈದರ್ ಅಲಿ ಇದನ್ನ ಪೂರ್ತಿ ಯುದ್ಧದ ಯಂತ್ರ ಮಾಡಿಬಿಟ್ಟ. ಟಿಪ್ಪು ಇದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಚಿದಂಬರದ ಕಡೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಹೋಯ್ತು ಅಂತ ಬ್ರಿಟಿಷರೇ ತಮ್ಮ ಗೆಜೆಟಿಯರ್‌ಗಳಲ್ಲಿ ಬರ್ಕೊಂಡಿದ್ದಾರೆ. ಸೋತಾಗಲೂ ಫಿರಂಗಿಗಳನ್ನ ಶತ್ರುವಿನ ಕಣ್ಣೆದುರೇ ಎಳ್ಕೊಂಡು ಹೋಗ್ತಿದ್ದದ್ದು ಈ ಎತ್ತುಗಳೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡು ಬ್ರಿಟಿಷರ ಕೈಗೆ ಬಂತು. ಅರವತ್ತು ವರ್ಷ ಇಟ್ಕೊಂಡ್ರು. ಆಮೇಲೆ 1860ರಲ್ಲಿ ಮದ್ರಾಸ್ ಸರ್ಕಾರಕ್ಕೆ ಖರ್ಚು ಜಾಸ್ತಿ ಅನ್ನಿಸ್ತು. ಮೇವು, ಕಾವಲುಗಾರರ ಸಂಬಳ, ಕಾವಲ್ ಜಮೀನು, ಎಲ್ಲಾ ಲೆಕ್ಕ ಹಾಕಿ, ಮಾರಿಬಿಡಿ ಅಂತ ಹೇಳಿದ್ರು. ಹಿಂಡು ಮಾರಾಟ ಆಯ್ತು. ಸ್ವಲ್ಪ ವರ್ಷದಲ್ಲೇ ತಪ್ಪು ಗೊತ್ತಾಯ್ತು. ಸೇನೆಗೆ ಬೇಕಾದ ಗುಣದ ಎತ್ತು ಬಜಾರಿನಲ್ಲಿ ಸಿಗ್ತಾ ಇಲ್ಲ. 1866ರಲ್ಲಿ ಅಮೃತ ಮಹಲನ್ನ ಮತ್ತೆ ಕಟ್ಟೋಕೆ ಕೂತ್ರು.

ಇಲ್ಲೇ ನಮ್ಮ ಮೊದಲನೇ ಪಾಠ ಇದೆ. ಇಟ್ಕೊಳ್ಳೋ ಖರ್ಚು ಕಣ್ಣಿಗೆ ಕಾಣುತ್ತೆ, ತಿಂಗಳು ತಿಂಗಳು ಜೇಬು ಕಚ್ಚುತ್ತೆ. ಮತ್ತೆ ಸಂಪಾದಿಸೋಕೆ ಎಷ್ಟಾಗುತ್ತೆ ಅನ್ನೋ ಲೆಕ್ಕ ಮಾರೋ ದಿನ ಯಾರ ಪುಸ್ತಕದಲ್ಲೂ ಇರಲ್ಲ. ಹಿತ್ತಿಲಲ್ಲಿ ನಿಂತ ಜೀಪನ್ನ "ಸುಮ್ನೆ ಜಾಗ ತಿಂತಾ ಇದೆ" ಅಂತ ಗುಜರಿಗೆ ಹಾಕಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಅಂದ ಹಾಗೆ, ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರದ ಹರಾಜಿಗೆ ಇವತ್ತಿಗೂ ದೂರದೂರದಿಂದ ರೈತರು ಬರ್ತಾರೆ.

ಹಲ್ಲು, ಸುಳಿ, ಟವಲ್ಲು

ಮೂಗೂರಿನ ರೈತ ಎತ್ತು ಕೊಳ್ಳೋಕೆ, ಮಾರೋಕೆ ಎಲ್ಲಿಗೆ ಹೋಗ್ತಿದ್ದ? ತಾಲ್ಲೂಕಿನಲ್ಲೇ ಮುಡುಕುತೊರೆ ಇದೆ. ತಲಕಾಡಿನ ಹತ್ರ, ಕಾವೇರಿ ದಡದ ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿ. ಜಾತ್ರೆ ಜೊತೆಗೆ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳನ್ನ ಸಿಂಗಾರ ಮಾಡಿ ಸಾಲಾಗಿ ಕಟ್ಟಿರ್ತಾರೆ.

ಅಲ್ಲಿನ ವ್ಯಾಪಾರದ ಕ್ರಮ ನೋಡಿ. ಮೊದಲು ಬಾಯಿ ತೆಗೆಸಿ ಹಲ್ಲು ನೋಡ್ತಾರೆ. ಎರಡು ಹಲ್ಲಾ, ನಾಲ್ಕಾ, ಆರಾ, ಬಾಯ್ಗೂಡಿದೆಯಾ. ವಯಸ್ಸಿನ ವಿಷಯದಲ್ಲಿ ಮಾಲೀಕ ಸುಳ್ಳು ಹೇಳಬಹುದು, ಹಲ್ಲು ಹೇಳಲ್ಲ. ಆಮೇಲೆ ಸುಳಿ. ಆಮೇಲೆ ನಡೆಸಿ ನೋಡೋದು, ಗೊರಸು ನೋಡೋದು, ನೊಗ ಕೂರುವ ಜಾಗದಲ್ಲಿ ಗಾಯ ಇದೆಯಾ ನೋಡೋದು. ಕೊನೆಗೆ ದಲ್ಲಾಳಿ ಮಧ್ಯೆ ಬಂದು ಟವಲ್ ಮುಚ್ಚುತ್ತಾನೆ. ಟವಲ್ ಕೆಳಗೆ ಬೆರಳು ಹಿಡಿದು ರೇಟು ಹೇಳೋದು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ.

"ಇಷ್ಟಕ್ಕೆ ಕೊಟ್ಬುಡಣ್ಣ."

"ಏ, ಅದ್ಕೆಲ್ಲ ಗಿಟ್ಟಕ್ಕಿಲ್ಲ ಬುಡು ತಮ್ಮ. ಇನ್ನೊಂದ್ ಬೆಳ್ಳ್ ಏರ್ಸು."

ನಗು ಬರುತ್ತೆ, ಆದ್ರೆ ಇದೊಂದು ಪಕ್ಕಾ ವ್ಯವಸ್ಥೆ. ಮಾರುವವನಿಗೆ ತನ್ನ ಎತ್ತಿನ ಬಗ್ಗೆ ಎಲ್ಲಾ ಗೊತ್ತು, ಕೊಳ್ಳುವವನಿಗೆ ಏನೂ ಗೊತ್ತಿಲ್ಲ. ಆ ಅಂತರ ತುಂಬೋಕೆ ಜಾತ್ರೆ ತನ್ನದೇ ಸಾಧನ ಮಾಡ್ಕೊಂಡಿತ್ತು. ಹಲ್ಲು, ಸುಳಿ, ನಡಿಗೆ, ಎರಡೂ ಕಡೆಯ ಪರಿಚಯ ಇರೋ ಒಬ್ಬ ದಲ್ಲಾಳಿ. 1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಇದೇ ಅಂತರದ ಬಗ್ಗೆ ಒಂದು ಪ್ರಬಂಧ ಬರೆದ್ರು. ಅವರು ತಗೊಂಡ ಉದಾಹರಣೆ ಎತ್ತಲ್ಲ, ಸೆಕೆಂಡ್ ಹ್ಯಾಂಡ್ ಕಾರು. ಯಾವುದು ಒಳ್ಳೇದು, ಯಾವುದು ಡಬ್ಬ ಅಂತ ಕೊಳ್ಳುವವನಿಗೆ ಗೊತ್ತಾಗದೇ ಹೋದ್ರೆ ಅವನು ಎಲ್ಲದಕ್ಕೂ ಕಮ್ಮಿ ರೇಟೇ ಕೇಳ್ತಾನೆ. ಆ ರೇಟಿಗೆ ಒಳ್ಳೇ ಗಾಡಿ ಇರೋನು ಮಾರಲ್ಲ. ಕೊನೆಗೆ ಮಾರ್ಕೆಟ್‌ನಲ್ಲಿ ಡಬ್ಬಾಗಳೇ ಉಳೀತವೆ. ಈ ವಿಚಾರಕ್ಕೆ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮುಡುಕುತೊರೆಯ ದಲ್ಲಾಳಿಗೆ ಪ್ರಬಂಧ ಗೊತ್ತಿರಲಿಲ್ಲ, ಸಮಸ್ಯೆ ಮಾತ್ರ ಚೆನ್ನಾಗಿ ಗೊತ್ತಿತ್ತು.

49 ದಿನದ ಗಾಡಿ

ಈಗ ಜೀಪಿಗೆ ಬರೋಣ. 1940ರ ಜುಲೈ. ಯುರೋಪಿನಲ್ಲಿ ಯುದ್ಧ ಶುರುವಾಗಿದೆ. ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಒಂದು ಸಣ್ಣ ವಾಹನ ಬೇಕು. 135 ಕಂಪನಿಗಳಿಗೆ ಪತ್ರ ಹೋಯ್ತು. ಮಾದರಿ ಗಾಡಿ ಕೊಡೋಕೆ ಸಮಯ 49 ದಿನ. ಮುಳುಗ್ತಾ ಇದ್ದ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಒಪ್ಪಿಕೊಳ್ತು. ಕಾರ್ಲ್ ಪ್ರಾಬ್ಸ್ಟ್ ಅನ್ನೋ ಎಂಜಿನಿಯರ್ ನಕ್ಷೆ ಹಾಕಿದ. ಸೆಪ್ಟೆಂಬರ್ 23ಕ್ಕೆ ಗಾಡಿ ಸೇನೆಯ ಗೇಟಿನೊಳಗೆ ಹೋಯ್ತು. ಆದ್ರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್‌ಗೆ, ಆಮೇಲೆ ಫೋರ್ಡ್‌ಗೆ. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾಗಿದ್ದವು.

ಇಷ್ಟು ಲಕ್ಷ ಗಾಡಿ ಇರೋವಾಗ ಯುದ್ಧ ಮುಗಿದ್ರೆ ಏನಾಗುತ್ತೆ? ವಾಪಸ್ ಹಡಗಿಗೆ ತುಂಬೋಕೆ ಖರ್ಚು ಜಾಸ್ತಿ. ಇದ್ದ ಜಾಗದಲ್ಲೇ ಮಾರೋದು ವಾಸಿ. ಭಾರತದಲ್ಲೂ ಅದೇ ಆಯ್ತು. ಸೇನೆಯ ಮಿಗಿಲು ಸಾಮಾನು ಡಿಸ್ಪೋಸಲ್ ಇಲಾಖೆಯ ಮೂಲಕ ಹೊರಗೆ ಬಂತು. ಇವತ್ತಿಗೂ ನಮ್ಮ ಹಿರಿಯರು "ಅದು ಡಿಸ್ಪೋಸಲ್ ಗಾಡಿ ಕಣಪ್ಪ" ಅಂತಾರಲ್ಲ, ಆ ಪದ ಅಲ್ಲಿಂದ ಬಂದಿದ್ದು. ಅಂದ್ರೆ ಜೀಪು ಜನಸಾಮಾನ್ಯರ ಕೈಗೆ ಬಂದಿದ್ದೇ ಸೆಕೆಂಡ್ ಹ್ಯಾಂಡ್ ಆಗಿ. ಅದರ ಹುಟ್ಟಿನಲ್ಲೇ ಮರುಮಾರಾಟ ಇದೆ.

ಹಳೇ ಜೀಪು, ಹೊಸ ದೇಶ

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಯಾವುದು ಗೊತ್ತಾ? ಜೀಪ್ ಹಗರಣ. 1948, ಕಾಶ್ಮೀರದಲ್ಲಿ ಯುದ್ಧ ನಡೀತಾ ಇದೆ, ಸೇನೆಗೆ ಅರ್ಜೆಂಟಾಗಿ ಜೀಪು ಬೇಕು. ಆಗ ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಮಾಮೂಲಿ ನಿಯಮ ಬದಿಗಿಟ್ಟು ಒಂದು ವಿದೇಶಿ ಕಂಪನಿ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡ್ಕೊಂಡ್ರು. ಹೊಸದಲ್ಲ, ರಿಪೇರಿ ಮಾಡಿದ ಹಳೇ ಜೀಪುಗಳು. ಬಂದಿಳಿದಿದ್ದು 155. ಅವೂ ಸೇನೆ ಬಳಸುವ ಸ್ಥಿತಿಯಲ್ಲಿ ಇರಲಿಲ್ಲ ಅಂತ ಸಂಸತ್ತಿನಲ್ಲಿ ಗದ್ದಲ ಆಯ್ತು. 1955ರ ಸೆಪ್ಟೆಂಬರ್ 30ರಂದು ಸರ್ಕಾರ ಈ ವಿಷಯ ಮುಗೀತು ಅಂತ ಘೋಷಿಸ್ತು. 1956ರ ಫೆಬ್ರವರಿಯಲ್ಲಿ ಮೆನನ್ ನೆಹರೂ ಸಂಪುಟಕ್ಕೆ ಸೇರಿದ್ರು.

ರಾಜಕೀಯ ಪಕ್ಕಕ್ಕಿಟ್ಟು ಬರೀ ವ್ಯಾಪಾರವಾಗಿ ನೋಡಿ. ಅರ್ಜೆಂಟು, ದೂರದ ಮಾರಾಟಗಾರ, ಗಾಡಿ ಕಣ್ಣಾರೆ ನೋಡದೇ ಒಪ್ಪಂದ. ಒಂದು ದೇಶದ ಸರ್ಕಾರವೇ ಹಲ್ಲು ನೋಡದೆ ಎತ್ತು ಕೊಂಡ ಹಾಗೆ. ಇವತ್ತು ಮೊಬೈಲಿನಲ್ಲಿ ನಾಲ್ಕು ಫೋಟೋ ನೋಡಿ, ಟೋಕನ್ ಅಡ್ವಾನ್ಸ್ ಕಳಿಸಿ, ಹೊರರಾಜ್ಯದಿಂದ ಜೀಪ್ ತರಿಸ್ಕೊಳ್ಳುವವರು ಈ 155ನ್ನ ನೆನಪಿಟ್ಕೊಳ್ಳಬೇಕು.

ಅದೇ ಕಾಲಕ್ಕೆ ಇನ್ನೊಂದು ಕಥೆ. 1945ರ ಅಕ್ಟೋಬರ್ 2ರಂದು ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಅನ್ನೋ ಅಣ್ಣತಮ್ಮ, ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆ ಒಂದು ಕಂಪನಿ ಮಾಡಿದ್ರು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಭಾಗ ಆದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದ್ರು, ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು, ಮುಂದೆ ಗವರ್ನರ್ ಜನರಲ್ ಕೂಡ ಆದ್ರು. ಇಲ್ಲಿ 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ಬಿಡಿಭಾಗ ತರಿಸಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದ ಅವರು, ಆಮೇಲೆ ಇಲ್ಲೇ ತಯಾರಿಸಿದ್ರು. ಎತ್ತರದ ಬಾನೆಟ್ಟಿನ ಸಿಜೆ3ಬಿ ಅಮೆರಿಕದಲ್ಲಿ ನಿಂತುಹೋದ ಮೇಲೂ ನಮ್ಮ ದೇಶದಲ್ಲಿ ಬಹಳ ಕಾಲ ತಯಾರಾಗ್ತಾ ಇತ್ತು.

ಸಾಹೇಬರ ಜೀಪು ರೈತನ ಜೀಪು ಆಗಿದ್ದು

ಹಳ್ಳಿಗೆ ಜೀಪು ಮೊದಲು ಬಂದಿದ್ದು ಸರ್ಕಾರಿ ಗಾಡಿಯಾಗಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು. ಬ್ಲಾಕ್ ಅಂತ ಆಯ್ತು, ಬಿಡಿಒ ಅಂತ ಒಬ್ಬ ಅಧಿಕಾರಿ ಬಂದ್ರು, ಅವರ ಜೊತೆ ಜೀಪು ಬಂತು. ಬಿಡಿಒ, ತಹಸೀಲ್ದಾರ್, ಪೊಲೀಸು, ಅರಣ್ಯ, ಮಲೇರಿಯಾ, ನೀರಾವರಿ. ಹಳ್ಳಿಯವರ ಕಿವಿಗೆ ಜೀಪಿನ ಸದ್ದು ಅಂದ್ರೆ ಸರ್ಕಾರ ಬಂತು ಅಂತ ಅರ್ಥ. ಮಕ್ಕಳು ಹಿಂದೆ ಓಡ್ತಿದ್ರು, ಕಂದಾಯ ಬಾಕಿ ಇದ್ದವರು ಇನ್ನೊಂದು ದಿಕ್ಕಿಗೆ ಓಡ್ತಿದ್ರು.

ಸರ್ಕಾರಿ ಗಾಡಿಗೂ ವಯಸ್ಸಾಗುತ್ತೆ. ಇಲಾಖೆ ಅದನ್ನ ಬಳಕೆಗೆ ಯೋಗ್ಯ ಅಲ್ಲ ಅಂತ ಬರೆದು ಹರಾಜಿಗೆ ಹಾಕುತ್ತೆ. ಅಲ್ಲಿಂದ ಅದು ಗ್ಯಾರೇಜಿನವರ ಕೈಗೆ, ಗ್ಯಾರೇಜಿನಿಂದ ರೈತನ ಮನೆಗೆ. ಪೆಟ್ರೋಲ್ ಎಂಜಿನ್ ಕುಡಿಯೋದು ಜಾಸ್ತಿ ಅಂತ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ಲೆಕ್ಕವಿಲ್ಲ. ಮುಂದಿನ ಆಕ್ಸಲ್ ಯಾಕೆ ಬೇಕು ಅಂತ ಅದನ್ನ ಬಿಚ್ಚಿ ಹಾಕಿದವೂ ಇವೆ. ಹಿಂದೆ ಎರಡು ಉದ್ದ ಸೀಟು, ಮೇಲೊಂದು ಟಾರ್ಪಾಲಿನ್ ಟಾಪು. ಬೆಳಗ್ಗೆ ಗೊಬ್ಬರದ ಮೂಟೆ, ಮಧ್ಯಾಹ್ನ ಮಂಡಿಗೆ ತರಕಾರಿ, ರಾತ್ರಿ ಹೆರಿಗೆ ನೋವಿನ ಹೆಂಗಸನ್ನ ಆಸ್ಪತ್ರೆಗೆ. ಮದುವೆಗೆ ದಿಬ್ಬಣ, ಎಲೆಕ್ಷನ್‌ಗೆ ಮೈಕು.

ಹಾಗೇ ಸೇನೆಯ ಕಡೆಯಿಂದಲೂ ಒಂದು ಹೊಳೆ ಹರೀತಾ ಬಂತು. ಜೋಂಗಾ ನೋಡಿರ್ತೀರಿ, ಇಲ್ಲಾ ರೀಲ್ಸಿನಲ್ಲಾದ್ರೂ ನೋಡಿರ್ತೀರಿ. ನಿಸ್ಸಾನ್ ಪಟ್ರೋಲ್ ಅನ್ನೋ ಜಪಾನಿ ಗಾಡಿಯ ಮಾದರಿ, 1969ರಿಂದ ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ತಯಾರಾಯ್ತು, ಸುಮಾರು 4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. 1999ಕ್ಕೆ ನಿಂತುಹೋಯ್ತು. 1985ರಲ್ಲಿ ಪೂಜೋ ಡೀಸೆಲ್ ಎಂಜಿನ್ನಿನ ಮಹೀಂದ್ರ ಎಂಎಂ 540, ಅದೇ ವರ್ಷದ ಕೊನೆಗೆ ಮಾರುತಿ ಜಿಪ್ಸಿ. ಇವೆಲ್ಲಾ ಸೇವೆ ಮುಗಿಸಿ ಹರಾಜಿಗೆ ಬರ್ತವೆ. ಹರಿಯಾಣದ ಡಬ್ವಾಲಿಯಲ್ಲಿ ಇಂಥ ಗಾಡಿಗಳ ಭಾಗ ಸೇರಿಸಿ ಜೀಪು ಕಟ್ಟೋದೇ ಒಂದು ಊರಿನ ಕಸುಬಾಗಿ ಬೆಳೀತು.

ಈಗ ಹಳೇ ಜೀಪಿಗೆ ಬೇಡಿಕೆ ಎಲ್ಲಿಂದ? ಮಡಿಕೇರಿ ಹತ್ರ ಮಾಂದಲಪಟ್ಟಿಗೆ, ಶಿವಮೊಗ್ಗದ ಕೊಡಚಾದ್ರಿಗೆ ಹೋದವರಿಗೆ ಗೊತ್ತು. ಆ ಕಲ್ಲು ದಾರಿಯಲ್ಲಿ ಪ್ರವಾಸಿಗರನ್ನ ಹೊತ್ತುಕೊಂಡು ಹತ್ತೋದು ಇದೇ ಜೀಪುಗಳು. ಕಾಫಿ ತೋಟದವರಿಗೆ ಬೇಕು. ಹಳೇ ಗಾಡಿ ಸಂಗ್ರಹಿಸುವವರಿಗೆ ಬೇಕು. ನಮ್ಮ ವಯಸ್ಸಿನವರಿಗೆ ಶನಿವಾರ, ಭಾನುವಾರಕ್ಕೆ ಬೇಕು. ಎಲೆಕ್ಟ್ರಾನಿಕ್ಸ್ ಇಲ್ಲ, ಬಾನೆಟ್ ಎತ್ತಿದ್ರೆ ಎಲ್ಲಾ ಕಣ್ಣಿಗೆ ಕಾಣುತ್ತೆ, ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದ್ರೆ ರೆಡಿ. ಸವಕಳಿ ಲೆಕ್ಕ ಇಲ್ಲಿ ಸೋಲೋದು ಯಾಕೆ ಅಂದ್ರೆ, ಆ ಲೆಕ್ಕ ಗಾಡಿ ಹಳೇದಾದಷ್ಟೂ ಬೇಡವಾಗುತ್ತೆ ಅಂತ ಮೊದಲೇ ಅಂದ್ಕೊಂಡುಬಿಟ್ಟಿದೆ. ಕೆಲಸ ಮಾಡೋ ಸಾಮರ್ಥ್ಯ ಹಾಗೇ ಉಳಿದು, ಅಂಥ ಗಾಡಿ ಹೊಸದಾಗಿ ಬರೋದು ನಿಂತ್ರೆ, ಬೆಲೆ ಕೆಳಗೆ ಹೋಗೋಕೆ ಕಾರಣ ಇಲ್ಲ.

ಹಗ್ಗ ಕೈಲೇ ಇರುತ್ತೆ

ಈಗ ನಿಜವಾದ ವಿಷಯ. ಇದನ್ನ ಮಾತ್ರ ಸ್ಪೀಡ್ ಜಾಸ್ತಿ ಮಾಡಿ ಕೇಳ್ಬೇಡಿ.

ಎತ್ತು ಮಾರಿದ್ರೆ ಹಗ್ಗ ಅವನ ಕೈಗೆ ಕೊಟ್ರೆ ಮುಗೀತು. ಅವತ್ತಿಂದ ಅದು ಯಾರ ಹೊಲಕ್ಕೆ ನುಗ್ಗಿದ್ರೂ ನಿಮಗೆ ಸಂಬಂಧ ಇಲ್ಲ. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ ಜೀಪೂ ಚರ ಸ್ವತ್ತೇ, ದುಡ್ಡು ಎಣಿಸಿ ಕೀ ಕೊಟ್ರೆ ಮಾರಾಟ ಆಯ್ತು. ಆದ್ರೆ ಮೋಟಾರು ವಾಹನ ಕಾಯ್ದೆ, 1988, ಬೇರೆ ಮಾತು ಹೇಳುತ್ತೆ. ಅದರ ಕಣ್ಣಿಗೆ ಮಾಲೀಕ ಅಂದ್ರೆ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನು. ಕೀ ಅವನ ಕೈಲಿದ್ರೂ ಹಗ್ಗ ನಿಮ್ಮ ಕೈಲೇ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನ ಖಡಾಖಂಡಿತವಾಗಿ ಹೇಳ್ತು. ಕಥೆ ಇಷ್ಟು. ಒಬ್ಬರು 2007ರಲ್ಲಿ ತಮ್ಮ ಕಾರು ಮಾರಿದ್ರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ, ಹೀಗೆ ಕಾರು ಕೈ ಬದಲಾಯಿಸ್ತಾ ಹೋಯ್ತು. ಆರ್‌ಸಿಯಲ್ಲಿ ಮಾತ್ರ ಯಾರೂ ಹೆಸರು ಬದಲಾಯಿಸಲಿಲ್ಲ. 2009ರಲ್ಲಿ ಆ ಕಾರಿನಿಂದ ಅಪಘಾತ ಆಯ್ತು, ಒಂದು ಮಗು ಸತ್ತುಹೋಯ್ತು. ಕಾರಿಗೆ ವಿಮೆ ಇರಲಿಲ್ಲ. ಪರಿಹಾರ ಯಾರು ಕೊಡಬೇಕು? ಕೊನೆಗೆ ಕೊಂಡವನು ಅಂತ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅಲ್ಲ, ದಾಖಲೆಯಲ್ಲಿ ಹೆಸರಿರುವವನೇ ಹೊಣೆ ಅಂತು. ಕಾರಣ ಸರಳ. ಅಪಘಾತದಲ್ಲಿ ಮಗುವನ್ನ ಕಳ್ಕೊಂಡ ಕುಟುಂಬ ಒಬ್ಬರಾದ ಮೇಲೆ ಒಬ್ಬರನ್ನ ಹುಡುಕ್ಕೊಂಡು ಊರೂರು ಅಲೀಬೇಕಾ? ಸರ್ಕಾರಿ ದಾಖಲೆಯಲ್ಲಿ ಒಂದು ಹೆಸರಿದೆ, ಆ ಬಾಗಿಲು ತಟ್ಟಲಿ.

ಈ ತೀರ್ಪನ್ನ ಬರೀ ಮಾರುವವರಿಗೆ ಹೆದರಿಕೆ ಹಾಕೋ ಸುದ್ದಿ ಅಂತ ನೋಡ್ಬೇಡಿ. ಹಿಂದೆ ಒಂದು ನ್ಯಾಯ ಇದೆ. ನೀವು ಮಾರಿದ ಗಾಡಿ ನಾಳೆ ಯಾರದ್ದೋ ಮನೆ ಮುಂದೆ ಹೋಗುತ್ತೆ, ಅಲ್ಲಿ ಒಂದು ಮಗು ಆಡ್ತಾ ಇರುತ್ತೆ. ಮುಡುಕುತೊರೆಯಲ್ಲಿ ಮೋಸ ಆಗೋದಾದ್ರೆ ಕೊಂಡವನಿಗೆ ಮಾತ್ರ. ಬ್ರೇಕ್ ಇಲ್ಲದ ಜೀಪಿನ ವಿಷಯ ಹಾಗಲ್ಲ. ಈ ವ್ಯಾಪಾರದಲ್ಲಿ ಮೂರನೇ ಮನುಷ್ಯ ಒಬ್ಬ ಇದ್ದಾನೆ, ಅವನು ಚೌಕಾಸಿಯಲ್ಲೇ ಇರಲಿಲ್ಲ.

ಹಾಗಾದ್ರೆ ಕ್ರಮ ಏನು? ಕಾಯ್ದೆಯ 50ನೇ ಸೆಕ್ಷನ್. ಮಾರಿದವರು ಅದೇ ರಾಜ್ಯದೊಳಗಾದ್ರೆ 14 ದಿನದೊಳಗೆ, ಹೊರರಾಜ್ಯಕ್ಕಾದ್ರೆ ಎನ್‌ಒಸಿ ಸಮೇತ 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಫಾರ್ಮ್ 29, ಫಾರ್ಮ್ 30, ಎನ್‌ಒಸಿ ಬೇಕಾದ್ರೆ ಫಾರ್ಮ್ 28. ಮೂರನೇ ವ್ಯಕ್ತಿಯ ವಿಮೆ ಕಾನೂನು ಪ್ರಕಾರ ಗಾಡಿ ಜೊತೆಗೇ ಹೊಸಬರಿಗೆ ಹೋಗುತ್ತೆ, ಆದ್ರೆ ಅವರು 14 ದಿನದಲ್ಲಿ ಕಂಪನಿಗೆ ಅರ್ಜಿ ಹಾಕಿ ಹೆಸರು ಬದಲಾಯಿಸ್ಕೋಬೇಕು. ಡೀಲರಿಗೆ ಕೊಡ್ತೀರಾ? 2023ರ ಏಪ್ರಿಲ್‌ನಿಂದ ನೋಂದಾಯಿತ ಡೀಲರ್‌ಗಳಿಗೆ ಬೇರೆ ನಿಯಮ ಇದೆ. ಫಾರ್ಮ್ 29ಸಿ ಕೊಟ್ಟು ಗಾಡಿ ಒಪ್ಪಿಸಿದ್ರೆ, ಮುಂದಿನ ಹೊಣೆ ಡೀಲರ್‌ದು. ಬರೀ ಸ್ಟ್ಯಾಂಪ್ ಪೇಪರಿನಲ್ಲಿ "ಇವತ್ತಿಂದ ಎಲ್ಲಾ ಅವರದೇ ಜವಾಬ್ದಾರಿ" ಅಂತ ಬರೆಸ್ಕೊಂಡ್ರೆ, ಅದು ನಿಮ್ಮಿಬ್ಬರ ನಡುವಿನ ಮಾತು. ಅಪಘಾತದಲ್ಲಿ ನೊಂದವರನ್ನ ಆ ಕಾಗದ ತಡೆಯಲ್ಲ.

ಹಳ್ಳಿ ಕಡೆ ಇನ್ನೊಂದು ತೊಡಕು ಜಾಸ್ತಿ. ಜೀಪು ಮನೇಲಿದೆ, ಆರ್‌ಸಿ ಮಾತ್ರ ತೀರಿಹೋದ ತಾತನ ಹೆಸರಲ್ಲಿದೆ. ಮೊಮ್ಮಗ ಮಾರೋಕೆ ಹೊರಟಿದ್ದಾನೆ. ಆಗ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರ್ಮ್ 31. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಹರಾಜಿನಲ್ಲಿ ಕೊಂಡ ಗಾಡಿಗೆ ಫಾರ್ಮ್ 32. ಸೇನೆಯಿಂದ ಬಂದಿದ್ದಾದ್ರೆ ಸಂಬಂಧಪಟ್ಟ ಅಧಿಕಾರಿ ಕೊಟ್ಟ ಮೂಲ ಮಾರಾಟ ಪತ್ರ, ಫಾರ್ಮ್ 21. ಈ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ರೂ ಎಷ್ಟೇ ಚೆಂದದ ಜೀಪೂ ಕಾನೂನಿನ ಕಣ್ಣಿಗೆ ಬರೀ ಕಬ್ಬಿಣ.

ಗಾಡಿಯ ಹಲ್ಲು

ಜೀಪಿಗೂ ಹಲ್ಲಿದೆ. ಚಾಸಿ ನಂಬರ್, ಎಂಜಿನ್ ನಂಬರ್. ಪೆನ್ಸಿಲ್ ಉಜ್ಜಿ ಪೇಪರಿನ ಮೇಲೆ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಿ. ಅಂಕಿ ಮೇಲೆ ವೆಲ್ಡಿಂಗ್ ಗುರುತು ಇದ್ರೆ ಹಿಂದಕ್ಕೆ ಹೆಜ್ಜೆ ಇಡಿ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಬಾನೆಟ್ ಕೆಳಗೆ ಡೀಸೆಲ್ ಇದ್ರೆ, ಅದನ್ನ ದಾಖಲೆಗೆ ಸೇರಿಸಿದ್ದಾರಾ ಕೇಳಿ. ಗಾಡಿಯ ಮೂಲ ರೂಪ ಬದಲಾಯಿಸೋದಕ್ಕೆ 52ನೇ ಸೆಕ್ಷನ್ ಅಡ್ಡ ಬರುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ ಅಂತ ಹೇಳಿದೆ. ದೊಡ್ಡ ಟೈರು, ಕತ್ತರಿಸಿದ ಬಾಡಿ, ರೀಲ್ಸಿನಲ್ಲಿ ಲೈಕು ತರುತ್ತೆ. ಎಫ್‌ಸಿ ತರಲ್ಲ.

ನೋಂದಣಿಯ ಆಯಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರು, ಜೀಪಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರ್ತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದ್ರು. ಇದೂ ಚೌಕಾಸಿಯೊಳಗೆ ಬರಬೇಕಾದ ಲೆಕ್ಕ.

ಇನ್ನು "ವಿಂಟೇಜ್" ಅನ್ನೋ ಪದ. ಜಾಹೀರಾತಿನಲ್ಲಿ ಎಲ್ಲಾ ಹಳೇ ಜೀಪೂ ವಿಂಟೇಜೇ. ಕಾನೂನಿನಲ್ಲಿ ಹಾಗಿಲ್ಲ. 2021ರ ಜುಲೈನ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ನೋಂದಣಿ ಶುಲ್ಕ 20,000, ಅವಧಿ 10 ವರ್ಷ, ನಂಬರಿನಲ್ಲಿ "ವಿಎ" ಅಂತ ಬರುತ್ತೆ. ಆದ್ರೆ ಹಾಗೆ ನೋಂದಾಯಿಸಿದ ಗಾಡಿಯನ್ನ ದಿನಬಳಕೆಗೆ, ಬಾಡಿಗೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಅದರ ರಿಪೇರಿ, ಇಂಧನಕ್ಕೆ ಮಾತ್ರ. ಮಾರಿದ್ರೆ ಇಬ್ಬರೂ 90 ದಿನದೊಳಗೆ ತಿಳಿಸಬೇಕು. ಅಂದ್ರೆ ಎಂಎಂ 540ರ ಮೊದಲ ಗಾಡಿಗಳಿಗೂ 2035ರವರೆಗೆ ಆ ಪಟ್ಟ ಇಲ್ಲ. ಮೈಸೂರು ರಾಜ್ಯದ ಕಾಲದ "ಎಂವೈ" ನಂಬರ್ ಫಲಕದ ಜೀಪಿಗೆ ಇರಬಹುದು, ಅದೂ ಅದರ ಒಳಗಿನ ಅಂಗಾಂಗ ಅದರದ್ದೇ ಆಗಿದ್ರೆ. ಇಲ್ಲೊಂದು ವಿಚಿತ್ರ ನೋಡಿ. ಜೀವನಪೂರ್ತಿ ದುಡಿದ ಜೀಪಿಗೆ ಈ ಗೌರವ ಸಿಗೋದು ಕಷ್ಟ, ಯಾಕಂದ್ರೆ ದುಡಿದ ಗಾಡಿಗೆ ಎಂಜಿನ್ನೂ ಬದಲಾಗಿರುತ್ತೆ, ಬಾಡಿಯೂ ಬದಲಾಗಿರುತ್ತೆ. ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದಕ್ಕೆ ಸುಲಭ.

ಹಾಗಾಗಿ ಮೂಗೂರಿನಲ್ಲೋ, ನಿಮ್ಮ ಊರಲ್ಲೋ ದುಡಿದ ಜೀಪು ಮಾರೋ ಹೊತ್ತು ಬಂದ್ರೆ, ಅದರ ಬೆಲೆ ಹೆಚ್ಚಿಸೋದು ಹೊಸ ಬಣ್ಣ ಅಲ್ಲ, ಅದರ ಪೂರ್ತಿ ಕಥೆ. ಯಾವಾಗ ಎಂಜಿನ್ ಇಳಿಸಿದ್ರಿ, ಯಾವ ಗೇರು ಜಾರುತ್ತೆ, ಫೋರ್ ವೀಲ್ ಲಿವರ್ ಬೀಳುತ್ತಾ ಇಲ್ವಾ, ನೆಲದ ತಗಡಿನ ಕೆಳಗೆ ತುಕ್ಕು ಎಷ್ಟಿದೆ, ಬ್ರೇಕ್ ಎಷ್ಟು ಸಲ ಒತ್ತಿದ್ರೆ ಹಿಡಿಯುತ್ತೆ. ಒಂದು ಹಾಳೆಯಲ್ಲಿ ಬರೆದು ಕೊಡಿ. ಕೊಳ್ಳುವವನೇ ಎಚ್ಚರವಾಗಿರಲಿ ಅಂತ ಹಳೇ ಕಾನೂನಿನ ಮಾತಿದೆ, ನಿಜ. ಆದ್ರೆ ಅಕರ್ಲಾಫ್ ಹೇಳಿದ ಅಂತರ ತುಂಬಿದ ಮಾರಾಟಗಾರನಿಗೆ ರೇಟೂ ಒಳ್ಳೇದೇ ಸಿಗುತ್ತೆ. ನಂಬಿಕೆಗೂ ಒಂದು ಬೆಲೆ ಇದೆ, ಕೊಳ್ಳುವವರು ಅದನ್ನ ಕೊಡೋಕೆ ರೆಡಿ ಇರ್ತಾರೆ.

ಹೈದರನ ಎತ್ತುಗಳಿಂದ 1948ರ ಹಡಗಿನವರೆಗೆ, ಸಾಹೇಬರ ಜೀಪಿನಿಂದ ಮಾಂದಲಪಟ್ಟಿಯವರೆಗೆ, ಗಟ್ಟಿ ಗಾಡಿಗಳು ಯಾವತ್ತೂ ಒಬ್ಬರ ಕೈಯಲ್ಲೇ ಉಳಿದಿಲ್ಲ. ಅವು ನಮಗಿಂತ ಜಾಸ್ತಿ ಬದುಕ್ತವೆ. ನಾವು ಮಾಡಬಹುದಾದ್ದು ಇಷ್ಟೇ, ಮುಂದಿನವರಿಗೆ ನಿಜ ಹೇಳಿ, ಹೆಸರು ಸಮೇತ ಕೊಡೋದು.

ನಿಮ್ಮ ಮನೇಲಿ ಹಳೇ ಜೀಪಿದ್ರೆ ಇವತ್ತೇ ಆರ್‌ಸಿ ತೆಗೆದು ಯಾರ ಹೆಸರಿದೆ ನೋಡಿ. ಮೊದಲೇ ಮಾರಿದ್ರಂತೂ ಕಡ್ಡಾಯವಾಗಿ ನೋಡಿ, ಪರಿವಾಹನ್ ವೆಬ್‌ಸೈಟಿನಲ್ಲಿ ಎರಡು ನಿಮಿಷದ ಕೆಲಸ. ಸಿಗೋಣ, ಮುಂದಿನ ವಾರ ಇನ್ನೊಂದು ಕಥೆ ಜೊತೆ. ನಮಸ್ಕಾರ.